ಸಾಂಕ್ರಾಮಿಕದ ನಡುವೆ ಸರ್ಕಾರವನ್ನು ಪ್ರಶ್ನಿಸುವುದು: ಯಾವುದಕ್ಕೆ ಸಹಕಾರ, ಯಾವುದಕ್ಕೆ ಆಕ್ಷೇಪ?

ಚರ್ಚೆ ಆರಂಭಿಸಿದವರು, ಮೈಸೂರು

2021ರ ಮೇ ತಿಂಗಳ ಮೊದಲ ವಾರ, ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಸೋಂಕು ದಾಖಲಾದ ಆ ವಾರದಲ್ಲಿ, ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಒಂದು ಮಾತುಕತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ನೆರೆಮನೆಯವರೊಬ್ಬರು ತಮ್ಮ ತಂದೆಯವರನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿಕೊಂಡು ರಾತ್ರಿಯಿಡೀ ಮೂರು ಆಸ್ಪತ್ರೆ ಅಲೆದಿದ್ದರು. ಖಾಲಿ ಇದೆ ಎಂದು ಸಹಾಯವಾಣಿಯವರು ಹೇಳಿದ ಹಾಸಿಗೆ ಅಲ್ಲಿಗೆ ಹೋದಾಗ ಇರಲಿಲ್ಲ. ಬೆಳಗಿನ ಜಾವ ಅವರು ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದು, ಕೊನೆಯಲ್ಲಿ ಸರ್ಕಾರವನ್ನು ಎರಡು ಸಾಲು ಕಟುವಾಗಿ ದೂರಿದರು. ಕೂಡಲೇ ಐದಾರು ಮಂದಿ, "ಇದು ರಾಜಕೀಯ ಮಾಡುವ ಹೊತ್ತಲ್ಲ, ಎಲ್ಲರೂ ಸರ್ಕಾರದ ಜೊತೆ ನಿಲ್ಲಬೇಕು" ಎಂದು ಉತ್ತರಿಸಿದೆವು. ಹಾಗೆ ಬರೆದವರಲ್ಲಿ ನಾನೂ ಒಬ್ಬ. ಅವರು ಮರುಮಾತಾಡದೆ ಸಂದೇಶವನ್ನು ಅಳಿಸಿದರು. ನಾಲ್ಕು ದಿನಗಳ ಮೇಲೆ ಅವರ ತಂದೆ ತೀರಿಕೊಂಡರು.

ನನ್ನ ಪ್ರಶ್ನೆ ಇಷ್ಟು. ನಾಳೆ ಮತ್ತೊಂದು ಸೋಂಕು ಬಂದರೆ, ಸರ್ಕಾರದ ಮಾತನ್ನು ಎಲ್ಲಿಯವರೆಗೆ ಪ್ರಶ್ನೆಯಿಲ್ಲದೆ ಪಾಲಿಸಬೇಕು, ಎಲ್ಲಿ ದನಿ ಎತ್ತಬೇಕು? ದನಿ ಎತ್ತಿದರೆ ಜನರ ವಿಶ್ವಾಸ ಕುಸಿದು ರೋಗ ಹೆಚ್ಚುತ್ತದೆ ಎಂಬ ಭಯ ನಿಜವೇ? ಯಾವ ಪಕ್ಷ ಅಧಿಕಾರದಲ್ಲಿತ್ತು ಎಂಬುದನ್ನು ಬದಿಗಿಟ್ಟು, ತಾವು ಕಂಡದ್ದನ್ನು ಆಧರಿಸಿ ಬರೆಯಬೇಕೆಂದು ಎಲ್ಲರಲ್ಲೂ ವಿನಂತಿ.

ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿ, ಹಾಸನ ಜಿಲ್ಲೆ

ನೀವು ಆ ಮನುಷ್ಯನಿಗೆ ಕೊಟ್ಟ ಉತ್ತರ ತಪ್ಪು; ಆದರೆ ಹಾಗೆ ಉತ್ತರಿಸಬೇಕೆನಿಸಿದ ಮನಸ್ಸನ್ನು ನಾನು ತಳ್ಳಿಹಾಕಲಾರೆ. ಸಾಂಕ್ರಾಮಿಕದಲ್ಲಿ ಆಡಳಿತದ ಕೈಯಲ್ಲಿರುವ ಮೊದಲ ಔಷಧಿ ಜನರ ನಂಬಿಕೆ. ಲಸಿಕೆ ಬರುವ ಮುನ್ನ ನಮ್ಮ ಬಳಿ ಇದ್ದದ್ದು ಅದೊಂದೇ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. 2020ರ ಮಾರ್ಚ್ 10ರಂದು ತೀರಿಕೊಂಡ ಆ ಹಿರಿಯರಿಗೆ ಸೋಂಕು ಇತ್ತೆಂದು ಖಚಿತವಾಗುವಾಗ ಎರಡು ದಿನ ಕಳೆದಿತ್ತು. ಆ ದಿನಗಳಲ್ಲಿ ನಾವು ತೆಗೆದುಕೊಂಡ ನಿರ್ಧಾರಗಳನ್ನು ಇಂದು ಗೊತ್ತಿರುವುದನ್ನು ಕೈಯಲ್ಲಿ ಹಿಡಿದು ಅಳೆಯುವುದು ನ್ಯಾಯವಲ್ಲ. ಮನೆಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಬೆಂಗಳೂರಿನಲ್ಲೇ ಹಲ್ಲೆಯಾಯಿತು. ಆಕೆಯ ಕೈಯಲ್ಲಿರುವ ಪಟ್ಟಿ ಬೇರೇನಕ್ಕೋ ಬಳಕೆಯಾಗುತ್ತದೆ ಎಂಬ ಸುಳ್ಳು ಸುದ್ದಿ ಆಕೆಗಿಂತ ಮೊದಲೇ ಆ ಬೀದಿಯನ್ನು ತಲುಪಿತ್ತು.

ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆತಿದ್ದಾರೆ. 2021ರ ಏಪ್ರಿಲ್ ಆರಂಭದಲ್ಲಿ, ಎರಡನೆಯ ಅಲೆ ಏರುತ್ತಿದ್ದಾಗ, ಬೆಂಗಳೂರು ಸೇರಿದಂತೆ ಕೆಲವು ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಆಸನಗಳನ್ನಷ್ಟೇ ತುಂಬಬೇಕೆಂದು ಸರ್ಕಾರ ಆದೇಶಿಸಿತು. ಅದು ಸರಿಯಾದ ಆದೇಶ. ಚಿತ್ರರಂಗದವರೂ ಅಭಿಮಾನಿಗಳೂ ಒಟ್ಟಾಗಿ ಎತ್ತಿದ ಆಕ್ಷೇಪಕ್ಕೆ ಮಣಿದು, ಮರುದಿನವೇ ಸರ್ಕಾರ ಏಪ್ರಿಲ್ 7ರವರೆಗೆ ಪೂರ್ಣ ಆಸನಗಳಿಗೆ ಅವಕಾಶ ಕೊಟ್ಟಿತು. ಅಂದು ಸರ್ಕಾರವನ್ನು ಟೀಕಿಸಿದವರು ಗೆದ್ದರು, ಜನರ ಆರೋಗ್ಯ ಸೋತಿತು. ಟೀಕೆ ಯಾವಾಗಲೂ ಜನರ ಪರ, ಆಡಳಿತ ಯಾವಾಗಲೂ ಜನರ ವಿರುದ್ಧ ಎಂದು ಭಾವಿಸುವವರು ಈ ಒಂದು ವಾರವನ್ನು ನೆನಪಿಸಿಕೊಳ್ಳಬೇಕು.

ಕೊಳ್ಳೇಗಾಲದಿಂದ

ಡಾಕ್ಟರರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಉಳಿದರ್ಧಕ್ಕೆ ನಮ್ಮ ಜಿಲ್ಲೆಯೇ ಉತ್ತರ.

2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಇಪ್ಪತ್ನಾಲ್ಕು ಗಂಟೆಯೊಳಗೆ 24 ಮಂದಿ ಸತ್ತರು. ಸಿಲಿಂಡರ್‌ಗಳು ಮೈಸೂರಿನಿಂದ ಬರಬೇಕಿತ್ತು. ಬಾರದಿದ್ದುದಕ್ಕೆ ಎರಡು ಜಿಲ್ಲಾಡಳಿತಗಳು ಒಂದರ ಮೇಲೊಂದು ಬೊಟ್ಟು ಮಾಡಿದವು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ, ಉಳಿದವರು ಬೇರೆ ಬೇರೆ ಕಾಯಿಲೆಗಳಿಂದ ಸತ್ತರು ಎಂದು ಸರ್ಕಾರ ಹೇಳಿತು. ನಮ್ಮ ಊರಿನವರಿಗೆ ಆ ರಾತ್ರಿ ಫೋನ್‌ಗಳು ಬಂದಿದ್ದವು, ವಾರ್ಡಿನಲ್ಲಿ ಏನಾಯಿತೆಂದು ಗೊತ್ತಿತ್ತು. ಆದರೂ ಅಧಿಕೃತವಾಗಿ ಮೂರು ಎಂದರೆ ಮೂರು.

ಆಗ ನಾವೆಲ್ಲರೂ ಸರ್ಕಾರದ ಜೊತೆ ನಿಂತು, ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಬೇಡವೆಂದು ಸುಮ್ಮನಿದ್ದಿದ್ದರೆ ಅದು ಮೂರಾಗಿಯೇ ಉಳಿಯುತ್ತಿತ್ತು. ಪತ್ರಕರ್ತರು ಬರೆದರು, ವಿರೋಧ ಪಕ್ಷದವರು ಬಂದರು, ಹೈಕೋರ್ಟ್ ತಾನೇ ಮುಂದಾಗಿ ವಿಷಯವನ್ನು ಕೈಗೆತ್ತಿಕೊಂಡು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿ ಕಳಿಸಿತು. ಸಾವುಗಳಿಗೆ ಆಕ್ಸಿಜನ್ ಕೊರತೆಯೇ ಕಾರಣವೆಂದು ಆ ಸಮಿತಿ ಹೇಳಿತು. ಮೂರು ಎಂಬ ಲೆಕ್ಕ ನಿಲ್ಲಲಿಲ್ಲ.

ಡಾಕ್ಟರ್ ಸರ್, ನಂಬಿಕೆಯೇ ಮೊದಲ ಔಷಧಿ ಎಂದಿರಿ. ನಮ್ಮ ಜಿಲ್ಲೆಯಲ್ಲಿ ಆ ನಂಬಿಕೆಯನ್ನು ಕೆಡಿಸಿದ್ದು ಟೀಕೆಯಲ್ಲ, ಆ ಲೆಕ್ಕ. ಅದಾದ ಮೇಲೆ ಎಷ್ಟೋ ಜನ ಉಸಿರಾಟದ ತೊಂದರೆಯಾದರೂ ಜಿಲ್ಲಾ ಆಸ್ಪತ್ರೆಗೆ ಹೋಗಲು ಹಿಂಜರಿದು ಮನೆಯಲ್ಲೇ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಶಾ ಕಾರ್ಯಕರ್ತೆ, ದಾವಣಗೆರೆ ಜಿಲ್ಲೆ

ನಮ್ಮ ಹೆಸರು ಚರ್ಚೆಯಲ್ಲಿ ಬಂದಿರುವುದರಿಂದ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ನಮ್ಮ ಅಕ್ಕಂದಿರ ಮೇಲೆ ಹಲ್ಲೆಯಾದಾಗ ಡಾಕ್ಟರ್ ಸರ್ ಅವರಂತಹ ಅನೇಕರು ನಮ್ಮ ಪರ ನಿಂತರು. ಅದಕ್ಕೆ ಋಣಿ. ಹೂಮಳೆ ಸುರಿಸಿದರು, ಚಪ್ಪಾಳೆ ತಟ್ಟಿದರು, ಕೊರೊನಾ ಯೋಧರು ಎಂದು ಕರೆದರು. ಆದರೆ ಅದೇ ವರ್ಷ ಜುಲೈ 10ರಿಂದ ರಾಜ್ಯದ ನಲವತ್ತು ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಬೇಕು, ಮಾಸ್ಕ್, ಸ್ಯಾನಿಟೈಸರ್ ಸರಿಯಾಗಿ ಕೊಡಿ ಎಂದು ಕೆಲಸ ನಿಲ್ಲಿಸಿದಾಗ, ನಮಗೆ ಕೇಳಿಸಿದ್ದು ಇಲ್ಲಿ ಮೈಸೂರಿನ ಅಣ್ಣ ಬರೆದಿರುವ ಅದೇ ಮಾತು: ಇದು ಹೊತ್ತಲ್ಲ.

ಹಾಗಿದ್ದರೆ ಯಾವುದು ಹೊತ್ತು? ಸೋಂಕಿಲ್ಲದ ವರ್ಷಗಳಲ್ಲಿ ನಾವು ಬೆಂಗಳೂರಿಗೆ ಹೋಗಿ ಬಿಸಿಲಿನಲ್ಲಿ ಕುಳಿತಾಗ ಯಾರೂ ತಿರುಗಿ ನೋಡಿರಲಿಲ್ಲ. ಸೋಂಕಿತರ ಮನೆಬಾಗಿಲಿಗೆ ದಿನಕ್ಕೆ ಎರಡು ಬಾರಿ ಹೋಗುವವಳೇ ನಾನಾದ ಮೇಲೆ, ನನ್ನ ಮುಖಕ್ಕೆ ಮಾಸ್ಕ್ ಸಾಲದು ಎಂದು ಹೇಳಲು ನನಗಿಂತ ಅರ್ಹರು ಯಾರು? ನಾವು ಸರ್ಕಾರದವರೂ ಹೌದು, ಸರ್ಕಾರವನ್ನು ಕೇಳುವವರೂ ಹೌದು. ಮುಷ್ಕರಕ್ಕೆ ಕುಳಿತಿದ್ದ ದಿನಗಳಲ್ಲೂ ನಮ್ಮ ಬೀದಿಯ ಬಾಣಂತಿಯರ ಫೋನ್‌ಗಳಿಗೆ ಉತ್ತರ ಕೊಡುವುದನ್ನು ನಾನು ನಿಲ್ಲಿಸಲಿಲ್ಲ.

ಮಂಜೇಶ್ವರದಿಂದ

ಗಡಿನಾಡಿನ ಕನ್ನಡಿಗನಾಗಿ ಒಂದು ಅನುಭವವನ್ನು ಸೇರಿಸುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಕಾಸರಗೋಡಿನಿಂದ ಬರುವ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣೇ ಸುರಿಯಿತು. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್, ಹೃದಯದ ತೊಂದರೆ, ಕಷ್ಟದ ಹೆರಿಗೆ, ಎಲ್ಲದಕ್ಕೂ ತಲೆಮಾರುಗಳಿಂದ ಅತ್ತಲೇ ಹೋದವರು ನಾವು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ತಡೆದು ಹಿಂದಕ್ಕೆ ಕಳಿಸಿದ್ದರಿಂದ ಹಲವರು ಪ್ರಾಣ ಕಳೆದುಕೊಂಡರು. ಆಗ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದ್ದದ್ದು ನಿಜ. ಮಂಗಳೂರಿನ ಜನ ಭಯಪಟ್ಟದ್ದೂ ಸಹಜ. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ರೋಗಿಗಳಿಗೆ ದಾರಿ ಬಿಡಿಸುವಂತೆ ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು, ಕೊನೆಗೆ ರೋಗಿಗಳನ್ನು ತಪಾಸಣೆ ಮಾಡಿ ಬಿಡುವುದೆಂದು ಏಪ್ರಿಲ್ 7ರ ಹೊತ್ತಿಗೆ ಒಪ್ಪಂದವಾಯಿತು.

ಆ ದಿನಗಳಲ್ಲಿ ನನಗೆ ಅತ್ಯಂತ ನೋವು ಕೊಟ್ಟದ್ದು ಮಣ್ಣಿನ ದಿಬ್ಬವಲ್ಲ. ಮಂಗಳೂರಿನ ನನ್ನ ಬಂಧುಗಳೇ, ನಾಡನ್ನು ಕಾಯುತ್ತಿರುವ ಸರ್ಕಾರವನ್ನು ಆಕ್ಷೇಪಿಸುವುದು ದ್ರೋಹ ಎಂಬಂತೆ ಮಾತಾಡಿದರು. ಅವರು ಹಾಕಿಕೊಂಡ ಲೆಕ್ಕದಲ್ಲಿ ನಾನು ಇರಲಿಲ್ಲ. ಸರ್ಕಾರವನ್ನು ಬೆಂಬಲಿಸುತ್ತೇನೆ ಎನ್ನುವವರು, ಆ ನಿರ್ಧಾರದ ಬೆಲೆಯನ್ನು ತೆರುವವರು ತಮ್ಮ ಮನೆಯವರೋ ಇನ್ನೊಬ್ಬರ ಮನೆಯವರೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಬೆಂಗಳೂರಿನಿಂದ

ಎಲ್ಲರೂ ಬರೆದದ್ದನ್ನು ಓದಿದ ಮೇಲೆ ನನಗೆ ಅನಿಸುವುದು, ಟೀಕೆ ಇರಬೇಕೇ ಬೇಡವೇ ಎಂಬ ಪ್ರಶ್ನೆಯಿಂದ ನಾವು ಮುಂದೆ ಬರಬೇಕು. ಎಂತಹ ಟೀಕೆ ಎಂಬುದೇ ಮುಖ್ಯ. ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

2020ರ ಮೇ 5ರಂದು, ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆಗೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಲ್ಲೇ, ವಲಸೆ ಕಾರ್ಮಿಕರನ್ನು ಊರಿಗೆ ಕಳಿಸುವ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ನೈರುತ್ಯ ರೈಲ್ವೆಗೆ ಪತ್ರ ಬರೆಯಿತು. ಕಾರ್ಮಿಕ ಸಂಘಟನೆಗಳು, ವಕೀಲರು, ಪತ್ರಿಕೆಗಳು ಹಿಡಿದುಕೊಂಡದ್ದು ಆ ಒಂದೇ ಪತ್ರವನ್ನು: ಯಾರು ಬರೆದರು, ಯಾವ ದಿನ, ಏನೆಂದು ಬರೆದರು, ಅದರಿಂದ ಯಾರ ಓಡಾಟದ ಹಕ್ಕಿಗೆ ಧಕ್ಕೆಯಾಯಿತು. ಕೆಲವೇ ದಿನಗಳಲ್ಲಿ ಸರ್ಕಾರ ನಿಲುವು ಬದಲಿಸಿತು, ರೈಲುಗಳು ಹೊರಟವು. ಲಾಕ್‌ಡೌನ್ ಮುರಿಯಿರಿ ಎಂದು ಅವರಲ್ಲಿ ಯಾರೂ ಹೇಳಿರಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೆಡ್ ಬ್ಲಾಕಿಂಗ್ ಹಗರಣದ, ಅಂದರೆ ಆಸ್ಪತ್ರೆ ಹಾಸಿಗೆಗಳನ್ನು ಬೇರೆಯವರ ಹೆಸರಿನಲ್ಲಿ ಕಾಯ್ದಿರಿಸಿ ಹಣಕ್ಕೆ ಕೊಟ್ಟರೆಂಬ ಆರೋಪ ಬಂತು. ಆರೋಪ ಗಂಭೀರವಾದದ್ದೇ, ತನಿಖೆಯೂ ಬೇಕಿತ್ತು. ಆದರೆ ಆಡಳಿತ ಪಕ್ಷದ ಸಂಸದರೇ ಹಾಸಿಗೆ ಹಂಚುತ್ತಿದ್ದ ವಾರ್‌ರೂಂಗೆ ಹೋಗಿ, ಇನ್ನೂರಕ್ಕೂ ಹೆಚ್ಚಿದ್ದ ಸಿಬ್ಬಂದಿಯಲ್ಲಿ ಒಂದೇ ಸಮುದಾಯದವರ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಹಾಸಿಗೆಗಳ ಲೆಕ್ಕ ಹಿಂದಕ್ಕೆ ಸರಿಯಿತು. ಕಡಿಮೆ ಸಂಬಳಕ್ಕೆ ರಾತ್ರಿಯಿಡೀ ಫೋನ್ ಎತ್ತುತ್ತಿದ್ದ ಹುಡುಗರ ಧರ್ಮ ಮುಂದೆ ಬಂತು. ಇದು ವ್ಯವಸ್ಥೆಯ ಟೀಕೆಯ ವೇಷದಲ್ಲಿ ಬಂದದ್ದು. ಅಧಿಕಾರವಿದ್ದವರ ಮೇಲೆ ಬೀಳಬೇಕಿದ್ದ ಪ್ರಶ್ನೆಯನ್ನು ಅಧಿಕಾರವಿಲ್ಲದವರ ಮೇಲೆ ತಿರುಗಿಸಿದ್ದು.

ಪಕ್ಷವನ್ನು ಬದಿಗಿಡಿ ಎಂದಿರಿ. ಇಟ್ಟೇ ಹೇಳುತ್ತೇನೆ. ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಯಲ್ಲೇ ಎರಡನೆಯ ಅಲೆಯ ಎಚ್ಚರಿಕೆ ಕೊಟ್ಟಿತ್ತು. ಆದರೂ 2021ರ ಏಪ್ರಿಲ್ 17ರ ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆಗಳ ಪ್ರಚಾರದಲ್ಲಿ ನಾಯಕರು ಜನ ಸೇರಿಸಿದರು. 2022ರ ಜನವರಿಯಲ್ಲಿ ಮೂರನೆಯ ಅಲೆ ಏರುತ್ತಿದ್ದಾಗ ಅಂದಿನ ವಿರೋಧ ಪಕ್ಷ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಪ್ರಶ್ನಿಸಿದ ಮೇಲೆಯೇ ರಾಮನಗರದಲ್ಲಿ ನಿಂತಿತು. ಒಂದನ್ನು ಖಂಡಿಸಿ ಇನ್ನೊಂದನ್ನು ಸಮರ್ಥಿಸಿದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಇತಿಹಾಸ ಅಧ್ಯಾಪಕಿ, ಧಾರವಾಡ

ಈ ಜಗಳ ನಮಗಿಂತ ಬಹಳ ಹಳೆಯದು. 2020ರಲ್ಲಿ ನಮ್ಮ ಮೇಲೆ ಪ್ರಯೋಗಿಸಿದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದು, ಮುಂಬಯಿ ಪ್ರಾಂತ್ಯದ ಪ್ಲೇಗಿನ ಕಾಲದ್ದು. ಆಗ ಧಾರವಾಡ, ಹುಬ್ಬಳ್ಳಿಗಳು ಅದೇ ಪ್ರಾಂತ್ಯದಲ್ಲಿದ್ದವು. ಸರ್ಕಾರಕ್ಕೆ ಏನು ಬೇಕಾದರೂ ಮಾಡುವ ಅಧಿಕಾರವನ್ನೂ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯನ್ನೂ ಆ ಪುಟ್ಟ ಕಾಯ್ದೆ ಕೊಟ್ಟಿತ್ತು. ರೋಗಿಯ ಹಕ್ಕಿನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದಾಗ ಬಾಲ ಗಂಗಾಧರ ತಿಲಕರು ಏನು ಮಾಡಿದರು ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ವಿವರವಾಗಿ ಹೇಳುತ್ತೇನೆ. ಅನೇಕ ಮುಂದಾಳುಗಳು ಊರು ಬಿಟ್ಟರು, ತಿಲಕರು ಬಿಡಲಿಲ್ಲ. ರೋಗಿಗಳಿಗಾಗಿ ಆಸ್ಪತ್ರೆ ನಡೆಸಲು ನೆರವಾದರು, ಜನ ರೋಗವನ್ನು ಬಚ್ಚಿಡಬಾರದು ಎಂದರು, ಅದೇ ಹೊತ್ತಿಗೆ 'ಕೇಸರಿ'ಯಲ್ಲಿ ಶೋಧದ ಕ್ರೌರ್ಯವನ್ನು ಕಟುವಾಗಿ ಖಂಡಿಸಿದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯಾದ ಮೇಲೆ ಸರ್ಕಾರ ತಿಲಕರ ಬರಹಕ್ಕೆ ರಾಜದ್ರೋಹದ ಆರೋಪ ಹೊರಿಸಿ ಹದಿನೆಂಟು ತಿಂಗಳ ಶಿಕ್ಷೆ ಕೊಡಿಸಿತು. ಬರಹ ನಿಂತರೆ ಪ್ಲೇಗ್ ನಿಲ್ಲುತ್ತದೆಯೇ? ನಿಲ್ಲಲಿಲ್ಲ.

ಅದರ ಮುಂದಿನ ವರ್ಷ, 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆಯನ್ನು ಸಾವಿರಾರು ಮಂದಿ ಹಾಕಿಸಿಕೊಂಡರು. ಸೈನಿಕರು ಮನೆ ಹೊಕ್ಕ ಊರಿನ ನೆನಪನ್ನೂ, ತೋಳು ಚಾಚಿ ಲಸಿಕೆ ಪಡೆದ ಊರಿನ ನೆನಪನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಈ ಚರ್ಚೆಯನ್ನು ಓದುತ್ತಿದ್ದೇನೆ. ಜನ ಸರ್ಕಾರದ ಔಷಧಿಯನ್ನು ಒಪ್ಪಿ, ಸರ್ಕಾರದ ಲಾಠಿಯನ್ನು ವಿರೋಧಿಸಬಲ್ಲರು. ಅವೆರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ, ಬೇಕಾದರೆ ಎರಡನ್ನೂ ತೆಗೆದುಕೊಳ್ಳಿ ಎನ್ನುವುದು ಆಡಳಿತದ ಹಳೆಯ ಚಾಳಿ.

ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿ, ಹಾಸನ ಜಿಲ್ಲೆ

ಕೊಳ್ಳೇಗಾಲದವರ ಮಾತು ನನ್ನನ್ನು ಎರಡು ದಿನ ಕಾಡಿತು. ನಾನು ಸೇವೆಯಲ್ಲಿದ್ದಾಗ ನಮ್ಮ ಕಚೇರಿಯಿಂದ ಪ್ರತಿ ಸಂಜೆ ಅಂಕಿ-ಅಂಶ ಮೇಲಕ್ಕೆ ಹೋಗುತ್ತಿತ್ತು. ಸಾವಿನ ಕಾರಣ ಬರೆಯುವಾಗ ಯಾವುದನ್ನು ಮೊದಲು, ಯಾವುದನ್ನು ನಂತರ ಬರೆಯಬೇಕೆಂಬ ಚರ್ಚೆ ನಮ್ಮಲ್ಲೂ ನಡೆಯುತ್ತಿತ್ತು. ಮಧುಮೇಹವಿದ್ದ ಸೋಂಕಿತ ಸತ್ತರೆ ಸಕ್ಕರೆ ಕಾಯಿಲೆಯಿಂದಲೋ ಕೋವಿಡ್‌ನಿಂದಲೋ? ಆಗ ಅದು ಬರೀ ಕಾಗದದ ಪ್ರಶ್ನೆ ಎನಿಸಿತ್ತು. ಬಿಪಿಎಲ್ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸರ್ಕಾರ ಘೋಷಿಸಿದಾಗ, ಸುಪ್ರೀಂ ಕೋರ್ಟ್‌ನ ಮಧ್ಯಪ್ರವೇಶದ ಮೇಲೆ ಎಲ್ಲ ಕೋವಿಡ್ ಸಾವುಗಳಿಗೆ 50,000 ರೂಪಾಯಿ ನಿಗದಿಯಾದಾಗ, ಆ ಕಾಗದ ಹಿಡಿದು ಬಂದ ವಿಧವೆಯರನ್ನು ನಾನೇ ಎದುರುಗೊಂಡೆ. ನಾವು ಎರಡನೆಯ ಸಾಲಿಗೆ ತಳ್ಳಿದ್ದ ಪದಕ್ಕಾಗಿ ಅವರು ತಿಂಗಳುಗಟ್ಟಲೆ ಅಲೆದರು.

ಆದ್ದರಿಂದ ನನ್ನ ನಿಲುವನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಮಾಸ್ಕ್ ಹಾಕಿ, ಗುಂಪು ಸೇರಬೇಡಿ, ಲಸಿಕೆ ತೆಗೆದುಕೊಳ್ಳಿ ಎಂದಾಗ ಸಹಕಾರ ಕೊಡಿ. ಅದನ್ನು ಬೇಷರತ್ತಾಗಿ ಕೇಳುವ ಹಕ್ಕು ವೈದ್ಯನಾದ ನನಗಿದೆ. ಇಷ್ಟು ಸತ್ತರು, ಇಷ್ಟು ಹಾಸಿಗೆ ಇವೆ, ಇಷ್ಟು ಆಕ್ಸಿಜನ್ ಬಂದಿದೆ ಎಂದಾಗ ಮಾತ್ರ ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ, ದಾಖಲೆ ತೋರಿಸುವ ಹೊಣೆ ಇದೆ. ಚಿತ್ರಮಂದಿರದ ವಿಷಯದಲ್ಲಿ ನಾನು ಹೇಳಿದ್ದು ಇಂದಿಗೂ ನಿಜವೆಂದೇ ನಂಬುತ್ತೇನೆ. ಅಲ್ಲಿ ಆಕ್ಷೇಪ ಬಂದದ್ದು ಸೋಂಕು ತಡೆಯುವ ಕ್ರಮಕ್ಕೇ.

ಲಸಿಕೆಯ ವಿಷಯದಲ್ಲಿ ಹಾಗಲ್ಲ. 2021ರ ಮೇ ತಿಂಗಳಲ್ಲಿ 18ರಿಂದ 44 ವರ್ಷದವರ ಲಸಿಕೆಯನ್ನು ರಾಜ್ಯಗಳೇ ಕೊಂಡುಕೊಳ್ಳಬೇಕೆಂಬ ನೀತಿಯಿಂದ ನಮ್ಮ ಆರೋಗ್ಯ ಕೇಂದ್ರಗಳ ಮುಂದೆ ಜನ ಬಂದು ಬರಿಗೈಯಲ್ಲಿ ಮರಳುತ್ತಿದ್ದರು. ಆ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದು, ಅತಾರ್ಕಿಕ ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೂನ್ 7ರಂದು ಪ್ರಧಾನಿಗಳು ನೀತಿ ಬದಲಾವಣೆಯನ್ನು ಘೋಷಿಸಿದರು, ಜೂನ್ 21ರಿಂದ ಕೇಂದ್ರವೇ ಲಸಿಕೆ ಕೊಟ್ಟಿತು. ನೀತಿಯನ್ನು ಟೀಕಿಸಿದವರಲ್ಲಿ ಹೆಚ್ಚಿನವರು ಲಸಿಕೆಯ ಸಾಲಿನಲ್ಲೇ ನಿಂತಿದ್ದವರು.

ಕೊಳ್ಳೇಗಾಲದಿಂದ

ಡಾಕ್ಟರರಿಗೆ ವಂದನೆಗಳು. ಒಂದು ಸೇರ್ಪಡೆ. 2021ರ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಆಕ್ಸಿಜನ್ ಕೊರತೆಯಿಂದ ಸಾವುಗಳಾಗಿವೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಉತ್ತರಿಸಿತು. ಆ ಉತ್ತರದಲ್ಲಿ ಸುಳ್ಳಿನ ಪದ ಒಂದೂ ಇರಲಿಕ್ಕಿಲ್ಲ. ಕೆಳಗಿನವರು ಬರೆಯಲಿಲ್ಲ, ಮೇಲಿನವರು ಕೇಳಲಿಲ್ಲ. ನಮ್ಮ ಜಿಲ್ಲೆಯ 24 ಮನೆಗಳು ಆ ಉತ್ತರವನ್ನು ಟಿವಿಯಲ್ಲಿ ನೋಡಿದವು.

ಬೆಂಗಳೂರಿನಿಂದ

ಅದೇ ವರ್ಷದ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಕ್ಸಿಜನ್, ಹಾಸಿಗೆಗಾಗಿ ಸಾಮಾಜಿಕ ಜಾಲತಾಣಗಳಲ್ಲಿ ಅಳಲು ತೋಡಿಕೊಳ್ಳುವವರ ಮೇಲೆ ಕ್ರಮ ಕೈಗೊಂಡರೆ ಅದನ್ನು ನ್ಯಾಯಾಂಗ ನಿಂದನೆಯೆಂದೇ ಪರಿಗಣಿಸುವುದಾಗಿ ಎಚ್ಚರಿಸಿತ್ತು. ಮೇ 5ರಂದು ನಮ್ಮ ಹೈಕೋರ್ಟ್ ರಾಜ್ಯದ ದಿನದ ಆಕ್ಸಿಜನ್ ಪಾಲನ್ನು 965 ಟನ್‌ನಿಂದ 1,200 ಟನ್‌ಗೆ ಏರಿಸಲು ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ನ್ಯಾಯಾಲಯದ ಮುಂದೆ ಬಂದ ಅರ್ಜಿಗಳ ಹಿಂದೆ ಇದ್ದದ್ದು ಜನ ಬರೆದುಕೊಂಡ ಇಂತಹ ಸಾವಿರಾರು ರಾತ್ರಿಗಳ ವಿವರಗಳೇ. ಹಾಗಾಗಿ ಮೈಸೂರಿನವರನ್ನು ಒಂದು ಮಾತು ಕೇಳಬೇಕೆನಿಸುತ್ತದೆ: ನಿಮ್ಮ ನೆರೆಯವರ ಸಂದೇಶದಲ್ಲಿ ಸರ್ಕಾರವನ್ನು ದೂರಿದ ಎರಡು ಸಾಲುಗಳನ್ನು ಬಿಟ್ಟರೆ ಉಳಿದದ್ದೇನಿತ್ತು?

ಚರ್ಚೆ ಆರಂಭಿಸಿದವರು, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಈ ಪ್ರಶ್ನೆಗೆ ಉತ್ತರ ಬರೆಯುವ ಮುನ್ನ ನೆರೆಮನೆಗೆ ಹೋಗಿ ಬಂದೆ. ಅಂದು ಬರೆದದ್ದಕ್ಕೆ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟರು, ಬಹಳ ಹೊತ್ತು ಆ ವಿಷಯ ಎತ್ತಲಿಲ್ಲ. ಆಮೇಲೆ ಅವರೇ ಹೇಳಿದರು. ಆ ಸಂದೇಶದಲ್ಲಿ ಸಹಾಯವಾಣಿಗೆ ಕರೆ ಮಾಡಿದ ಸಮಯವಿತ್ತು, ಅವರು ಕೊಟ್ಟ ನೋಂದಣಿ ಸಂಖ್ಯೆ ಇತ್ತು, ಮೂರು ಆಸ್ಪತ್ರೆಗಳ ಹೆಸರು, ಪ್ರತಿ ಬಾಗಿಲಲ್ಲೂ ಕಾದ ಗಂಟೆಗಳು, ಆಂಬುಲೆನ್ಸ್‌ನ ಸಿಲಿಂಡರ್‌ನಲ್ಲಿ ಆಕ್ಸಿಜನ್ ಎಷ್ಟು ಉಳಿದಿತ್ತು ಎಂಬುದೂ ಇತ್ತು. ಗುಂಪಿನಲ್ಲಿ ಯಾರಾದರೂ ಅಧಿಕಾರಿಗಳಿಗೆ ಪರಿಚಯದವರಿದ್ದರೆ ತಲುಪಿಸಲಿ, ಮುಂದಿನ ರಾತ್ರಿ ಬರುವವರಿಗಾದರೂ ಅನುಕೂಲವಾಗಲಿ ಎಂದು ಬರೆದಿದ್ದರಂತೆ.

ಫೋನ್ ಬದಲಾಗಿದೆ, ಅದರ ಪ್ರತಿ ಅವರ ಬಳಿಯೂ ಇಲ್ಲ. ನಾನು ಅಂದು ಓದಿದ್ದು ಕೊನೆಯ ಎರಡು ಸಾಲುಗಳನ್ನು ಮಾತ್ರ.